ಸೇತುವೆಯ ಹತ್ತಿರ ಜರ್ಕು

ಕೆಲವರಿಗೆ ಯಾವ ಊಟಕ್ಕೆ ಕೂತರೂ ಬಾಯಿಗೆ ಕಲ್ಲು ಸಿಗುತ್ತದೆ. ಹಾಗೆಯೇ ಒಂದು ಮನೆಯ ಅಳಿಯನಿಗೆ ಏನು ನೋಡಿದರೂ ಜರ್ಕು ಸಿಗುತ್ತಿತ್ತು. ಟಿವಿಯಲ್ಲಿ ಯಾರಾದರೂ ಓಡುತ್ತಿದ್ದರೆ ಎಲ್ಲರೂ ಯಾರು ಗೆಲ್ಲುತ್ತಾರೆ ಅಂತ ನೋಡುತ್ತಾರೆ. ಇವನು ಮಾತ್ರ, "ಕಾಲು ನೋಡಿ, ಜರ್ಕ್ ಹೊಡೀತಿದೆ" ಅನ್ನುತ್ತಾನೆ. ತನ್ನದೇ ಮದುವೆಯಲ್ಲಿ, ವಿಡಿಯೋದವನು ಇವರ ಮುಖಕ್ಕೆ ಲೈಟು ಬಿಟ್ಟು ಎದುರಿಗೆ ನಿಂತಿದ್ದಾಗ, ಪಕ್ಕದಲ್ಲಿ ಕೂತಿದ್ದ ಹೊಸ ಹೆಂಡತಿಯ ಕಿವಿಯಲ್ಲಿ ಈ ಮಹಾನುಭಾವ ಹೇಳಿದ ಮೊದಲ ಮಾತು ಏನು ಗೊತ್ತೇ? "ಈ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದೇ ಫ್ರೇಮು." ಅವಳು ಅದನ್ನು ಇನ್ನೂ ಮರೆತಿಲ್ಲ, ಮರೆಯುವ ಉದ್ದೇಶವೂ ಅವಳಿಗಿಲ್ಲ. ಅವನಿಗೆ ಜರ್ಕಪ್ಪ ಅಂತ ಹೆಸರಿಟ್ಟವಳು ಅವಳೇ.

ಪೂರ್ತಿ ತಪ್ಪು ಅವನದೂ ಅಲ್ಲ ಬಿಡಿ, ಅವನ ಕಸುಬೇ ಅಂಥದ್ದು. ಹಳೇ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ರಿಪೇರಿ ಮಾಡುವ ಅಂಗಡಿ ಅವನದು. ಒಂದು ಕಡೆ ಬೀಗದ ಕೈ ಮಾಡುವವನು, ಇನ್ನೊಂದು ಕಡೆ ಜೆರಾಕ್ಸ್ ಅಂಗಡಿ, ನಡುವೆ ಇವನದು. ಇಬ್ಬರು ಒಳಗೆ ಬಂದರೆ ಮೂರನೆಯವರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಗೋಡೆ ತುಂಬ ಹೊಟ್ಟೆ ಬಿಚ್ಚಿಟ್ಟ ಪೆಟ್ಟಿಗೆಗಳು, ಮೊಳೆಗಳಿಗೆ ನೇತುಹಾಕಿದ ಕಂಟ್ರೋಲರ್‌ಗಳು, ಮೂಲೆಯಲ್ಲಿ ಇಬ್ಬರು ಸೇರಿ ಎತ್ತಬೇಕಾದಂಥ ಎರಡು ಹಳೇ ಟಿವಿ. ಅಲ್ಲಿ ಕೂತು ಅವನು ದಿನವಿಡೀ ನೋಡುವುದು ಒಂದೇ. ಪರದೆಯ ಮೇಲೆ ಓಡುವುದು ಯಾವುದೂ ನಿಜವಾಗಿ ಓಡುವುದಿಲ್ಲ. ಒಂದರ ಹಿಂದೆ ಒಂದು ಚಿತ್ರ ಬಂದು ಹೋಗುತ್ತದೆ, ಆ ಒಂದೊಂದು ಚಿತ್ರವೇ ಫ್ರೇಮು. ಸೆಕೆಂಡಿಗೆ ಅರವತ್ತು ಬಂದರೆ ಬೆಣ್ಣೆ. ಮೂವತ್ತಕ್ಕೆ ಇಳಿದರೆ ಜರ್ಕು, ಮತ್ತು ಜರ್ಕು ಕಂಡರೆ ಇವನಿಗೆ ಹಲ್ಲುನೋವು ಬಂದಂತಾಗುತ್ತಿತ್ತು.

ಮಾವ ಬಸ್ ಡ್ರೈವರು. ಊರೊಳಗೇ ಓಡಾಡುವ ಬಸ್ಸು, ಮೂವತ್ತು ವರ್ಷದ ಸರ್ವಿಸು, ಇಷ್ಟು ವರ್ಷದಲ್ಲಿ ಒಬ್ಬರಿಗೂ ಒಂದು ತರಚು ಗಾಯ ಮಾಡಿದವರಲ್ಲ. ಮಾತು ಕಡಿಮೆ, ಆಡಿದರೆ ಎದುರಿಗಿದ್ದವರನ್ನು ಕೆಣಕುವುದಕ್ಕೇ ಆಡುತ್ತಾರೆ. "ಅಳಿಯಂದ್ರೇ, ನಮ್ಮ ಬಸ್ಸು ಎಷ್ಟು ಫ್ರೇಮು?" ಅಂತ ಗಂಭೀರವಾಗಿ ಕೇಳುವುದು, ಅವನು ಪಾಪ ನಿಜಕ್ಕೂ ಲೆಕ್ಕ ಹಾಕಲು ಹೊರಟರೆ ಮೀಸೆಯೊಳಗೇ ನಗುವುದು.

ಆ ಮಾವನ ಮನೆಯಲ್ಲಿ ಒಂದು ಗೇಮ್ ಪೆಟ್ಟಿಗೆ ಇತ್ತು. ಮಗಳು ಚಿಕ್ಕವಳಿದ್ದಾಗ ಅವಳಿಗೆಂದು ತಂದದ್ದು. ಅವಳು ನಾಲ್ಕು ದಿನ ಆಡಿ ಬೇಜಾರಾಗಿ ಬಿಟ್ಟಳು, ಮಾವ ಹಿಡಿದುಕೊಂಡರು. ಇರುವುದು ಒಂದೇ ಆಟ. ಒಂದು ಪುಟ್ಟ ವಿಮಾನ, ಸಮುದ್ರದ ಮೇಲೆ ಹಾರುತ್ತಾ ಎದುರಿಗೆ ಬಂದ ಗುಂಡುಗಳಿಂದ ತಪ್ಪಿಸಿಕೊಳ್ಳಬೇಕು. ಆಟಕ್ಕೆ ಮೂರೇ ವಿಮಾನ, ಮೂರೂ ಸಿಡಿದರೆ ಮತ್ತೆ ಮೊದಲಿಂದ. ನಾಲ್ಕನೇ ಹಂತದಲ್ಲಿ ಒಂದು ಉದ್ದನೆಯ ಸೇತುವೆ ಬರುತ್ತದೆ. ಕೆಳಗೆ ದೋಣಿಗಳು, ಮೇಲೆ ವಿಮಾನಗಳು, ಸೇತುವೆಯ ಎರಡೂ ಕಡೆ ತೋಪುಗಳು, ಎಲ್ಲವೂ ಒಟ್ಟಿಗೆ ಗುಂಡು ಹಾರಿಸುತ್ತವೆ. ಪರದೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪ್ರತಿ ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಮಾವ ಆ ಸೇತುವೆ ದಾಟಿ ಪೆಟ್ಟಿಗೆ ಆರಿಸಿ ಏಳುತ್ತಿದ್ದರು. ಐದನೇ ಹಂತ ಹೇಗಿದೆ ಅಂತ ಅವರು ನೋಡಿಯೂ ಇರಲಿಲ್ಲ. ಮಗಳಿಗೂ ಅಳಿಯನಿಗೂ ಇದು ಅವರ ಹುಚ್ಚುಗಳಲ್ಲಿ ಒಂದು, ಅಷ್ಟೇ.

ಈ ಪೆಟ್ಟಿಗೆ ಕೆಟ್ಟಿತು. ಚಿತ್ರ ಮೇಲಿಂದ ಕೆಳಗೆ ಉರುಳತೊಡಗಿತು, ಬಣ್ಣಗಳು ಕಲಸಿಹೋದವು. ಮನೆಯಲ್ಲೇ ಅಳಿಯ ಇರುವಾಗ ಬೇರೆಯವರ ಹತ್ತಿರ ಹೋಗುವುದುಂಟೇ? ಅತ್ತೆ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಮಗಳ ಕೈಯಲ್ಲಿ ಕಳಿಸಿದರು.

ಕೆಟ್ಟಿದ್ದು ಏನೂ ದೊಡ್ಡದಲ್ಲ. ಕೆಪಾಸಿಟರ್‌ಗಳು ಉಬ್ಬಿ ಸೋರಿದ್ದವು. ಅವನ್ನು ಕಿತ್ತು ಹೊಸದು ಹಾಕಿ, ತುಕ್ಕು ಉಜ್ಜಿ, ಅಂಗಡಿಯ ಟಿವಿಗೆ ಸಿಕ್ಕಿಸಿದ. ಚಿತ್ರ ಕಣ್ಣಿಗೆ ಹಬ್ಬ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇವನು ಒಂದು ಸಲ ಆಡಿ ನೋಡಿದ. ಕಷ್ಟಪಟ್ಟು, ಎಷ್ಟೋ ಸಲ ಸತ್ತು ಹುಟ್ಟಿ ನಾಲ್ಕನೇ ಹಂತ ಮುಟ್ಟಿದ. ಸೇತುವೆ ಬಂತು, ಪರದೆ ತುಂಬಿತು, ಆಟ ಒಮ್ಮೆಲೇ ಕೆಸರಿಗೆ ಇಳಿದಂತೆ ನಿಧಾನವಾಯಿತು. ಜರ್ಕು ಅಂದರೆ ಅಂಥಿಂಥ ಜರ್ಕಲ್ಲ. ಫೋನಿನಲ್ಲಿ ವಿಡಿಯೋ ತೆಗೆದು ಫ್ರೇಮು ಎಣಿಸಿದರೆ ಅರವತ್ತು ಇರಬೇಕಾದಲ್ಲಿ ಇಪ್ಪತ್ತು.

"ಅಯ್ಯೋ ಪಾಪ, ಮಾವ ಇಷ್ಟು ವರ್ಷ ಇದನ್ನ ಹೇಗೆ ಸಹಿಸ್ಕೊಂಡ್ರು" ಅಂದುಕೊಂಡ.

ಇಂಥ ಪೆಟ್ಟಿಗೆಗಳಿಗೆ ಒಂದು ಉಪಾಯವಿದೆ. ಒಳಗಿನ ಮಿದುಳಿನಂಥ ಕಂಪ್ಯೂಟರ್ ಚಿಪ್ಪಿಗೆ ತಾಳ ಹಾಕುವ ಒಂದು ಪುಟ್ಟ ಕ್ರಿಸ್ಟಲ್ ಇರುತ್ತದೆ. ಚಿಪ್ಪಿಗೆ ಅದರ ಬದಲು ಇನ್ನೂ ಬೇಗ ತಾಳ ಹಾಕುವುದನ್ನು ಕೊಟ್ಟರೆ ಕೆಲಸ ಚುರುಕಾಗುತ್ತದೆ, ಎಷ್ಟೇ ಗುಂಡು ಬಂದರೂ ಆಟ ಮುಗ್ಗರಿಸುವುದಿಲ್ಲ. ಬುದ್ಧಿ ಇದ್ದವರು ಪಕ್ಕದಲ್ಲಿ ಒಂದು ಸ್ವಿಚ್ಚು ಇಡುತ್ತಾರೆ, ಬೇಕಾದಾಗ ಹಳೇ ವೇಗಕ್ಕೆ ಮರಳಲಿ ಅಂತ. ಇವನು ಸ್ವಿಚ್ಚು ಇಡಲಿಲ್ಲ. ಬೆಣ್ಣೆ ಸಿಕ್ಕ ಮೇಲೆ ಜರ್ಕು ಯಾರಿಗೆ ಬೇಕು ಅನ್ನುವುದು ಅವನ ವಾದ. ಯಾರಿಗೂ ಹೇಳಲೂ ಇಲ್ಲ. ಆಡುವಾಗ ಮಾವನಿಗೇ ಗೊತ್ತಾಗಲಿ, "ಅಳಿಯಂದ್ರೇ, ಏನು ಮಾಡಿದ್ರಿ ಇದಕ್ಕೆ" ಅಂತ ಅವರೇ ಕೇಳಲಿ, ಆಗ ತಾನು ಏನೂ ಅಲ್ಲ ಅನ್ನುವ ಹಾಗೆ ಕೈಯಾಡಿಸಬೇಕು. ಆ ಕೈಯಾಡಿಸುವುದನ್ನು ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಒಂದು ಸಲ ಮಾಡಿಯೂ ನೋಡಿದ.

ಭಾನುವಾರ ಬಂತು. ಮಾವನ ಮನೆಯ ಮುಂಗೋಣೆ. ಅತ್ತೆ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ನಿನ ಮುಂದೆ, ಹೆಂಡತಿ ನೆಲದ ಮೇಲೆ ಪೇಪರು ಹರವಿಕೊಂಡು, ಅಳಿಯ ಮಾವನ ಮುಖ ಚೆನ್ನಾಗಿ ಕಾಣುವ ಕುರ್ಚಿ ಹುಡುಕಿಕೊಂಡು. ಮಾವ ಆಟ ಶುರು ಮಾಡಿದರು. ಮೊದಲ ಮೂರು ಹಂತ ನೀರು ಕುಡಿದಂತೆ ಹೋಯಿತು. ಸೇತುವೆ ಬಂತು. ಅಳಿಯ ಕುರ್ಚಿಯ ತುದಿಗೆ ಬಂದ. ಆಹಾ, ಒಂದು ಜರ್ಕಿಲ್ಲ, ಹರಿಯುವ ನೀರು.

ಮಾವನ ವಿಮಾನ ಸಿಡಿಯಿತು.

ಎರಡನೆಯದೂ ಸಿಡಿಯಿತು. ಮೂರನೆಯದು ಸೇತುವೆಯ ಮೊದಲ ಕಂಬವನ್ನೂ ಮುಟ್ಟಲಿಲ್ಲ. ಹೊಲಿಗೆ ಮಿಷನ್ನು ನಿಂತಿತು. ಹೆಂಡತಿ ಪೇಪರಿನಿಂದ ತಲೆಯೆತ್ತಿದಳು. ಮಾವ ಇನ್ನೊಂದು ಸಲ ಮೊದಲಿಂದ ಆಡಿದರು, ಅಲ್ಲೇ ಬಂದು ಸತ್ತರು. ಕಂಟ್ರೋಲರಿನ ವೈರನ್ನು ಅಂದವಾಗಿ ಸುತ್ತಿ ಪೆಟ್ಟಿಗೆಯ ಮೇಲಿಟ್ಟರು.

"ಹೇಗಿದೆ ಮಾವ?" ಅಂದ ಅಳಿಯ.

"ಚೆನ್ನಾಗಿದೆ. ಚಿತ್ರ ಸ್ಪಷ್ಟ ಬರ್ತಿದೆ" ಅಂದು ಮಾವ ಎದ್ದು ಹಿತ್ತಿಲಿಗೆ ಹೋದರು.

ಮನೆಗೆ ಬರುವ ದಾರಿಯುದ್ದಕ್ಕೂ ಅಳಿಯನ ಮುಖ ಊದಿತ್ತು. ಯಾರೂ ಗಮನಿಸಲಿಲ್ಲವಲ್ಲ ಅನ್ನುವ ಸಂಕಟ.

"ರೀ ಜರ್ಕಪ್ಪಾ, ಅಪ್ಪ ಸೋತಿದ್ದಕ್ಕೆ ನಿಮಗೆ ಇಷ್ಟು ಬೇಜಾರಾ?" ಅಂದಳು ಹೆಂಡತಿ.

"ಹೂಂ" ಅಂದ. ಮಾವ ಸೋತದ್ದು ಅವನ ತಲೆಗೆ ಹತ್ತಿಯೇ ಇರಲಿಲ್ಲ ಅನ್ನುವುದು ಸತ್ಯ. ಅವನು ನೋಡುತ್ತಿದ್ದದ್ದು ಫ್ರೇಮುಗಳನ್ನು.

ಗುರುವಾರ ಮಧ್ಯಾಹ್ನ ಅತ್ತೆ ಅಂಗಡಿಗೆ ಬಂದರು. ಮದುವೆಯಾಗಿ ಇಷ್ಟು ದಿನವಾದರೂ ಅವರು ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ. ಕೈಯಲ್ಲಿ ಹೊಲಿಗೆ ಬಟ್ಟೆಯ ಚೀಲ, ಮುಖದಲ್ಲಿ ಬೆವರು. ಅಳಿಯ ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟ.

"ಏನತ್ತೆ, ಇಷ್ಟು ದೂರ?"

"ಯಾಕೆ, ಗೇಮ್ ಆಡೋರು ಮಾತ್ರ ಬರಬೇಕು ಅಂತ ಬೋರ್ಡು ಹಾಕಿದೀರಾ?" ಅಂದು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. "ನಿಮ್ಮ ಮಾವ ಬಸ್ಸಿಂದ ಇಳೀತಾರಂತೆ. ಇನ್ನು ಓಡಿಸಲ್ವಂತೆ. ವಿಚಾರಣೆ ಕೌಂಟರಲ್ಲಿ ಕೂತು ಯಾವ ಬಸ್ಸು ಎಷ್ಟೊತ್ತಿಗೆ ಅಂತ ಹೇಳೋ ಕೆಲಸ ಕೊಡಿ ಅಂತ ಸೋಮವಾರ ಡಿಪೋ ಮ್ಯಾನೇಜರ್ ಹತ್ತಿರ ಕೇಳಿ ಬಂದಿದಾರೆ. ಆ ಪುಣ್ಯಾತ್ಮ, ದುಡುಕಬೇಡಿ, ಶನಿವಾರ ಸಂಜೆವರೆಗೆ ಯೋಚನೆ ಮಾಡಿ ಅಂದಿದಾನೆ."

"ಯಾಕಂತೆ ಇದ್ದಕ್ಕಿದ್ದ ಹಾಗೆ? ರಿಟೈರ್ ಆಗೋಕೆ ಇನ್ನೂ ಎರಡು ಮೂರು ವರ್ಷ ಇದೆಯಲ್ಲ. ಕಣ್ಣೇನಾದ್ರೂ?"

"ಕಣ್ಣಿಗೇನಾಗಿದೆ ಧಾಡಿ. ನಿಮ್ಮ ಹೆಂಡತೀನೇ ತಾನು ಕೆಲಸ ಮಾಡೋ ಕನ್ನಡಕದಂಗಡೀಲಿ ಕೂರಿಸಿ ಹೋದ ತಿಂಗಳು ಕಣ್ಣು ನೋಡಿದಾಳೆ. ಕೈ ನಿಧಾನ ಆಗಿದೆಯಂತೆ. ಆ ಸೇತುವೆ ದಾಟೋಕಾಗಲಿಲ್ವಲ್ಲ, ಅದಕ್ಕೆ."

ಅಳಿಯನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಅತ್ತೆ ಹೇಳುತ್ತಾ ಹೋದರು. ಅವರು ಇಷ್ಟು ವರ್ಷ ಯಾರಿಗೂ ಹೇಳದ ವಿಷಯ ಅದು. ಭಾನುವಾರದ ಆಟ ಮಾವನಿಗೆ ಆಟವೇ ಅಲ್ಲ, ಪರೀಕ್ಷೆ. ಸೇತುವೆ ದಾಟಿದರೆ ಆ ವಾರ ಬಸ್ಸು ಮುಟ್ಟಬಹುದು ಅಂತ ಅರ್ಥ. ಒಂದೊಂದು ಸಲ ಎರಡು ವಿಮಾನ ಹೋಗುತ್ತಿದ್ದವು, ಮೂರನೆಯದರಲ್ಲಿ ದಾಟುತ್ತಿದ್ದರು. ದಾಟದೆ ಎದ್ದದ್ದು ಮಾತ್ರ ಇಲ್ಲ.

"ಅವರು ನನಗೆ ಹೇಳ್ತಿದ್ರು," ಅಂದರು ಅತ್ತೆ. "ಸೇತುವೆ ಹತ್ತಿರ ಬಂದು ಎಲ್ಲಾ ಕಡೆಯಿಂದ ಮುತ್ತಿದಾಗ, ನನ್ನ ಕಣ್ಣಿಗೆ ಎಲ್ಲಾ ನಿಧಾನ ಆಗಿಬಿಡುತ್ತೆ ಕಣೇ, ಒಂದೊಂದು ಗುಂಡೂ ಬಿಡಿಬಿಡಿಯಾಗಿ ಕಾಣುತ್ತೆ, ಅದೇ ಡ್ರೈವರ್ ಕಣ್ಣು ಅಂತ. ಯಾವತ್ತು ಹಾಗೆ ನಿಧಾನ ಆಗೋದು ನಿಲ್ಲುತ್ತೋ ಅವತ್ತು ಇಳಿದುಬಿಡಬೇಕು ಅಂತ. ಈ ಭಾನುವಾರ ನಿಧಾನ ಆಗಲಿಲ್ವಂತೆ."

ಅಳಿಯ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಮುಚ್ಚಿಡಲು ಅವನಿಗೆ ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ನಿಧಾನ ಆಗುತ್ತಿದ್ದದ್ದು ಮಾವನ ಕಣ್ಣಲ್ಲ, ಪೆಟ್ಟಿಗೆ. ಅದನ್ನು ತಾನೇ ನಿಲ್ಲಿಸಿದ್ದು. ಕೇಳಿಸಿಕೊಂಡ ಅತ್ತೆ ಹಣೆ ಚಚ್ಚಿಕೊಳ್ಳಲಿಲ್ಲ, ಬೈಯಲಿಲ್ಲ. ಅವನನ್ನೇ ನೋಡಿದರು.

"ಕೆಟ್ಟಿದ್ದನ್ನ ಸರಿ ಮಾಡಿ ಅಂತ ಕೊಟ್ರೆ, ಸರಿಯಾಗಿದ್ದದ್ದನ್ನೂ ಸರಿ ಮಾಡಿ ಕೊಟ್ರಾ?"

"ಸಂತೋಷ ಪಡ್ತಾರೆ ಅಂದ್ಕೊಂಡೆ ಅತ್ತೆ."

"ಸಂತೋಷ ಎಲ್ಲರಿಗೂ ಆಗಿದೆ. ನಡೀರಿ, ಅಂಗಡಿ ಮುಚ್ಚಿ."

ಮಾವ ಡ್ಯೂಟಿ ಮುಗಿಸಿ ಬಂದು ಬೂಟಿನ ದಾರ ಬಿಚ್ಚುತ್ತಿದ್ದರು. ಅಳಿಯ ನಿಂತಲ್ಲೇ ಹೇಳಿದ. ಕ್ರಿಸ್ಟಲ್ಲು, ಚಿಪ್ಪು, ಫ್ರೇಮು, ಇಪ್ಪತ್ತು, ಅರವತ್ತು. ಮಾವ ಒಂದು ಬೂಟು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದರು. ಒಂದಕ್ಷರವೂ ತಲೆಗೆ ಹೋಗಿಲ್ಲ ಅಂತ ಮುಖವೇ ಹೇಳುತ್ತಿತ್ತು. ಅಳಿಯ ಬೇರೆ ದಾರಿ ಹಿಡಿದ.

"ನೋಡಿ ಮಾವ, ನಿಮ್ಮ ಬಸ್ಸಲ್ಲಿ ಕಂಡಕ್ಟರ್ ಇದಾನೆ. ಜನ ಕಡಿಮೆ ಇದ್ರೆ ಮುಂದಿನ ಸ್ಟಾಪ್ ಬರೋದ್ರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸ್ತಾನೆ. ಜನ ಕಿಕ್ಕಿರಿದಿದ್ರೆ?"

"ಮುಗಿಯಲ್ಲ. ಸ್ಟಾಪಲ್ಲಿ ನಿಲ್ಲಿಸ್ಕೊಂಡು ಕಾಯ್ತೀನಿ."

"ಪೆಟ್ಟಿಗೆ ಒಳಗೂ ಅಷ್ಟೇ. ಒಂದೊಂದು ಚಿತ್ರನೂ ಒಂದೊಂದು ಸ್ಟಾಪು. ಸೇತುವೆ ಹತ್ತಿರ ಗುಂಡು ಜಾಸ್ತಿ ಆದಾಗ ಒಳಗಿನ ಕಂಡಕ್ಟರ್‌ಗೆ ಟಿಕೆಟ್ ಕೊಟ್ಟು ಮುಗಿಸೋಕಾಗದೆ ಇಡೀ ಆಟ ಕಾಯ್ತಿತ್ತು. ಅದಕ್ಕೇ ನಿಧಾನ."

"ನೀವು?"

"ನಾನು ಚುರುಕಾದ ಕಂಡಕ್ಟರನ್ನ ಹಾಕಿದೆ."

ಮಾವ ಬೂಟುಗಳನ್ನು ಜೋಡಿಸಿ ಗೋಡೆಗೆ ಒತ್ತಿಟ್ಟರು. "ಕಥೆ ಚೆನ್ನಾಗಿ ಕಟ್ಟಿದೀರಿ ಅಳಿಯಂದ್ರೇ. ನಿಮ್ಮ ಅತ್ತೆ ಹೇಳಿಕೊಟ್ರಾ, ನೀವೇನಾ?" ಅಂದರು. ನಗುತ್ತಲೇ ಅಂದರು, ಆದರೆ ಆ ನಗು ಮೀಸೆಯೊಳಗಿನದಲ್ಲ. ಅಳಿಯ ಸಮಾಧಾನ ಮಾಡಲು ಬಂದಿದ್ದಾನೆ, ಒಳ್ಳೆಯ ಹುಡುಗ, ಅಂತ ಅವರು ತೀರ್ಮಾನಿಸಿಯಾಗಿತ್ತು.

ಬಾಯಿಮಾತಿಗೆ ಬಗ್ಗುವ ಆಸಾಮಿ ಅಲ್ಲ ಅಂತ ಗೊತ್ತಾಯಿತು. ಮರುದಿನ ಸಂಜೆ ಅಳಿಯ ಆಟೋದಲ್ಲಿ ಅಂಗಡಿಯ ಟಿವಿಯೊಂದನ್ನೂ ಅದೇ ಕಂಪನಿಯ, ಅದೇ ಮಾದರಿಯ, ಯಾರೂ ಕೈ ಹಾಕಿರದ ಇನ್ನೊಂದು ಪೆಟ್ಟಿಗೆಯನ್ನೂ ಹೇರಿಕೊಂಡು ಬಂದ. ಮುಂಗೋಣೆಯಲ್ಲಿ ಎರಡು ಟಿವಿ ಅಕ್ಕಪಕ್ಕ. ಹೆಂಡತಿಯೂ ಕೆಲಸ ಮುಗಿಸಿ ನೇರ ಅಲ್ಲಿಗೇ ಬಂದಿದ್ದಳು. ಹಿಂದಿನ ರಾತ್ರಿ ಗಂಡ ಅರ್ಧಂಬರ್ಧ ಹೇಳಿದ್ದನ್ನು ದಾರಿಯಲ್ಲಿ ಅಮ್ಮನಿಗೆ ಫೋನು ಮಾಡಿ ಪೂರ್ತಿ ಕೇಳಿಕೊಂಡಿದ್ದಳು. ಗಂಡನನ್ನು ಕಂಡವಳೇ, "ನಿಮ್ಮ ಅರವತ್ತಕ್ಕೆ ಬೆಂಕಿ ಬೀಳ" ಅಂದಳು. ಅವನು ತಲೆ ತಗ್ಗಿಸಿ ವೈರು ಸಿಕ್ಕಿಸಿದ.

ಮಾವ ಮೊದಲು ಅಂಗಡಿಯ ಪೆಟ್ಟಿಗೆಯಲ್ಲಿ ಆಡಿದರು. ಸೇತುವೆ ಬಂತು, ಪರದೆ ತುಂಬಿತು, ಆಟ ಕೆಸರಿಗಿಳಿಯಿತು. ಮಾವನ ಹೆಬ್ಬೆರಳು ಅಲ್ಲಿ ಇಲ್ಲಿ ಒಂದಿಷ್ಟೇ ಅಲುಗುತ್ತಾ, ಗುಂಡುಗಳ ಸಂದಿಯಲ್ಲಿ ವಿಮಾನವನ್ನು ನುಸುಳಿಸಿಕೊಂಡು ದಾಟಿಸಿಬಿಟ್ಟಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಆಮೇಲೆ ಮನೆಯ ಪೆಟ್ಟಿಗೆ. ಅದೇ ಸೇತುವೆ, ಅದೇ ಗುಂಡು. ಮೂರೂ ವಿಮಾನ ಹೋದವು.

"ನೋಡಿದ್ರಾ ಮಾವ. ನಿಮ್ಮ ಕೈಗೆ ಏನೂ ಆಗಿಲ್ಲ" ಅಂದ ಅಳಿಯ, ಗೆದ್ದವನ ದನಿಯಲ್ಲಿ.

"ನೀವು ಆಡಿ" ಅಂದು ಮಾವ ಕಂಟ್ರೋಲರ್ ಚಾಚಿದರು.

ಅವನು ತಾನೇ ಬೆಣ್ಣೆ ಮಾಡಿದ ಪೆಟ್ಟಿಗೆಯಲ್ಲಿ ಆಡಿದ. ಸೇತುವೆಯ ಮಾತು ಹಾಗಿರಲಿ, ಎರಡನೇ ಹಂತದಲ್ಲೇ ಮೂರು ಜೀವವೂ ಮುಗಿದವು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಫ್ರೇಮು ಜಾಸ್ತಿಯಾಗಿ ಅಜೀರ್ಣ ಆಯ್ತೇನೋ" ಅಂದಳು ಹೆಂಡತಿ. ಎಲ್ಲರ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಮಾವ ಮಾತ್ರ ನಗಲಿಲ್ಲ. ಎರಡು ಟಿವಿಗಳನ್ನೂ ಒಂದಾದ ಮೇಲೊಂದು ನೋಡಿದರು.

"ಅಂದ್ರೆ ಇಷ್ಟು ವರ್ಷ ಅದು ನನಗೋಸ್ಕರ ಕಾಯ್ತಿತ್ತು" ಅಂದರು. "ನನ್ನ ಕಣ್ಣು ಅಂದ್ಕೊಂಡಿದ್ದು ನನ್ನ ಕಣ್ಣೇ ಅಲ್ಲ."

"ಹಾಗಲ್ಲ ಮಾವ, ನಾನು ನಿಮಗಿಂತ ಎಷ್ಟು ಚಿಕ್ಕವನು, ನನ್ನ ಕೈಲೇ ಆಗಲಿಲ್ಲ ನೋಡಿ."

"ನಿಮ್ಮ ಬೆನ್ನ ಹಿಂದೆ ಜನ ಕೂತಿರಲ್ಲ ಅಳಿಯಂದ್ರೇ."

ಅಳಿಯ ಆಗ ನಿಜಕ್ಕೂ ಹೆದರಿದ. ಮೊದಲ ತಪ್ಪನ್ನು ಸರಿಮಾಡಲು ಹೋಗಿ ಎರಡನೆಯದನ್ನು ಮಾಡಿದ್ದ. ಇಲ್ಲಿಯವರೆಗೆ ಮಾವ ಒಂದು ಸಲ ಮಾತ್ರ ಸೋತಿದ್ದರು. ಇವನು ಈಗ ಅವರು ಗೆದ್ದದ್ದನ್ನೆಲ್ಲಾ ಕಿತ್ತುಕೊಂಡಿದ್ದ. ಪೆಟ್ಟಿಗೆಗೆ ಹಳೇ ಕ್ರಿಸ್ಟಲ್ಲು ಹಾಕಿಕೊಡುತ್ತೇನೆ ಅಂದ. ಮಾವ, ಬೇಡ, ಹಾಗೇ ಇರಲಿ ಅಂದರು. ಊಟ ಮುಗಿಸಿ ಹೊರಡುವಾಗ ಬಾಗಿಲವರೆಗೆ ಬಂದು, "ನಾಳೆ ಬೆಳಗ್ಗೆ ಮೊದಲನೇ ಟ್ರಿಪ್ಪಿಗೆ ಬನ್ನಿ. ನನ್ನ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ" ಅಂದರು. "ನೀವು ಜರ್ಕು ಹಿಡಿಯೋದರಲ್ಲಿ ಎತ್ತಿದ ಕೈ ಅಲ್ವಾ. ನೋಡಿ ಹೇಳಿ."

ಶನಿವಾರ ಬೆಳಗ್ಗೆ ಡಿಪೋದ ಹೊರಗಿನ ಸ್ಟಾಪಿನಲ್ಲಿ ಅಳಿಯ ಹತ್ತಿದ. ಬಸ್ಸಿನಿಂದ ಇನ್ನೂ ತೊಳೆದ ನೀರು ತೊಟ್ಟಿಕ್ಕುತ್ತಿತ್ತು. ಮಾವ ಸೀಟನ್ನು ಒಂದು ಹಲ್ಲು ಮುಂದೆ ಎಳೆದುಕೊಂಡರು, ಮೂರು ಕನ್ನಡಿಗಳನ್ನೂ ಮುಟ್ಟಿ ತಿರುಗಿಸಿದರು, ಸ್ಟೇರಿಂಗನ್ನು ಬಟ್ಟೆಯಿಂದ ಒರೆಸಿದರು, ಮತ್ತೆ ಒರೆಸಿದರು. ಕಂಡಕ್ಟರ್ ಸೀಟಿ ಹೊಡೆದ. ಬಸ್ಸು ಕದಲಲಿಲ್ಲ. ಇನ್ನೊಂದು ಸಲ ಹೊಡೆದ ಮೇಲೆ ಮಾವ ಗೇರು ಹಾಕಿದರು.

ಮೊದಲು ಖಾಲಿ ರಸ್ತೆ. ಆಮೇಲೆ ಆಫೀಸಿನವರು, ಆಸ್ಪತ್ರೆಗೆ ಹೋಗುವವರು, ಚೀಲ ಹೊತ್ತವರು. ಬಸ್ಸು ಬಾಗಿಲವರೆಗೆ ತುಂಬಿತು, ರಸ್ತೆಯೂ ತುಂಬಿತು. ಅಳಿಯ ಪಕ್ಕದ ಕಿಟಕಿಯಾಚೆ ನೋಡಲಿಲ್ಲ. ಎದುರಿನ ರಸ್ತೆ, ಮಾವನ ಬಲಗಾಲು, ಎರಡನ್ನೇ ನೋಡುತ್ತಿದ್ದ. ಎದುರಿಗೆ ಏನಾದರೂ ಬಂದ ಕ್ಷಣ ಯಾವುದು, ಕಾಲು ಬ್ರೇಕಿಗೆ ಹೋದ ಕ್ಷಣ ಯಾವುದು, ನಡುವೆ ಎಷ್ಟು ಹೊತ್ತು, ಇದು ಅವನ ಲೆಕ್ಕ. ಅವನಿಗೆ ಬರುವುದು ಅದೊಂದೇ ಲೆಕ್ಕ, ಪಾಪ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಎಷ್ಟು ಸಲ ನೋಡಿದರೂ ಕಾಲು ಮೊದಲು, ಅಡ್ಡ ಬರುವುದು ಆಮೇಲೆ.

ಅಂಗಡಿ ಸಾಲಿನ ಹತ್ತಿರ ಬಂದಾಗ ಎದುರಿಗೆ ರಸ್ತೆ ಖಾಲಿ ಇತ್ತು. ಮಾವನ ಕಾಲು ಆಕ್ಸಿಲರೇಟರಿನಿಂದ ಎದ್ದಿತು. ಬಸ್ಸು ನಡಿಗೆಯ ವೇಗಕ್ಕೆ ಇಳಿಯಿತು.

"ಏನ್ರೀ ಡ್ರೈವರ್ ಸಾಹೇಬ್ರೇ, ನಿದ್ದೆ ಬಂತಾ?" ಅಂತ ಹಿಂದಿನಿಂದ ಯಾರೋ ಕೂಗಿದರು. ನಾಲ್ಕು ಜನ ನಕ್ಕರು. ಮಾವ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ನಿಲ್ಲಿಸಿದ್ದ ಒಂದು ವ್ಯಾನಿನ ಹಿಂದಿನಿಂದ ಒಂದು ಮಗು ರಸ್ತೆಗೆ ಓಡಿಬಂತು. ಬಸ್ಸು ಆಗಲೇ ನಿಲ್ಲುವ ಹಾಗಿತ್ತು. ಮಾವ ಕಾಲನ್ನು ಬ್ರೇಕಿನ ಮೇಲೆ ಇಟ್ಟರು ಅಷ್ಟೇ, ನಿಂತಿದ್ದವರ ಕೈಯಲ್ಲಿದ್ದ ಟೀ ಫ್ಲಾಸ್ಕು ಕೂಡ ಅಲುಗಲಿಲ್ಲ. ಅಂಗಡಿಯಿಂದ ಓಡಿಬಂದ ಹೆಂಗಸು ಮಗುವನ್ನು ಬಾಚಿಕೊಂಡು ಬೆನ್ನಿಗೆ ಒಂದು ಕೊಟ್ಟಳು. ಮಾವ ಅವಳು ಪೂರ್ತಿ ಪಕ್ಕಕ್ಕೆ ಹೋಗುವವರೆಗೆ ಕಾದು ಮತ್ತೆ ಹೊರಟರು. ನಿದ್ದೆ ಬಂತಾ ಅಂದವನ ದನಿ ಕೊನೇ ಸ್ಟಾಪಿನವರೆಗೆ ಕೇಳಲಿಲ್ಲ.

ಟ್ರಿಪ್ಪು ಮುಗಿದು ಬಸ್ಸು ಡಿಪೋದೊಳಗೆ ಬಂತು. ಕಂಡಕ್ಟರ್ ಇಳಿದು ಕ್ಯಾಂಟೀನಿಗೆ ಹೋದ. ಮಾವ ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು.

"ಆ ವ್ಯಾನಿನ ಹತ್ತಿರ," ಅಂದ ಅಳಿಯ, "ನೀವು ಕಾಲು ತೆಗೆದಾಗ ಅಲ್ಲಿ ಮಗು ಇರಲಿಲ್ಲ ಮಾವ. ನಾನು ನೋಡಿದೆ."

"ಮಗು ಇರಲಿಲ್ಲ. ಅದರ ಅಮ್ಮ ಅಂಗಡಿ ಬಾಗಿಲಲ್ಲಿ ನಿಂತು ಸುತ್ತ ಹುಡುಕ್ತಿದ್ಲು. ಕೈ ಖಾಲಿ ಇತ್ತು."

ಅಳಿಯ ಅಂಗಡಿ ಬಾಗಿಲನ್ನೂ ನೋಡಿರಲಿಲ್ಲ, ಅಲ್ಲಿ ನಿಂತ ಹೆಂಗಸನ್ನೂ ನೋಡಿರಲಿಲ್ಲ.

"ಸೇತುವೆ ಹತ್ತಿರ ನಿಧಾನ ಮಾಡ್ತಿದ್ದದ್ದು ಪೆಟ್ಟಿಗೆ, ಒಪ್ಪಿದೆ. ಇಲ್ಲಿ ನಿಧಾನ ಮಾಡಿದ್ದು ನೀವು ಮಾವ. ಇದಕ್ಕೆ ಫ್ರೇಮಿನ ಲೆಕ್ಕ ಇಲ್ಲ, ನನ್ನ ಹತ್ತಿರ ಅಂಥ ಲೆಕ್ಕ ಇಲ್ಲ. ನಿಮ್ಮನ್ನ ಪರೀಕ್ಷೆ ಮಾಡೋಕೆ ನಾನು ಯಾರು?"

"ಪರೀಕ್ಷೆ ಮಾಡೋಕೆ ಕರೆದೆ ಅಂದ್ಕೊಂಡ್ರಾ?" ಮಾವ ಹಿಂದಕ್ಕೆ ತಿರುಗಲಿಲ್ಲ, ಮೇಲಿನ ಕನ್ನಡಿಯಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿತ್ತು. "ಸೋಮವಾರದಿಂದ ದಿನಾ ಈ ಸೀಟಲ್ಲಿ ಕೂತಾಗ ಗೇರು ಹಾಕೋಕೆ ಧೈರ್ಯ ಬರ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಹಾಗಾಗಿರಲಿಲ್ಲ. ನಿನ್ನೆ ಆ ಎರಡು ಟಿವಿ ನೋಡಿದ ಮೇಲಂತೂ ಇವತ್ತು ಒಬ್ಬನೇ ಹತ್ತೋಕೆ ಭಯ ಆಯ್ತು ಅಳಿಯಂದ್ರೇ. ಅದಕ್ಕೆ ಕರೆದೆ."

ತಾನು ಮೆಚ್ಚುಗೆಗೆ ಆಸೆಪಟ್ಟು ಸುಖಾಸುಮ್ಮನೆ ಹಾಕಿದ ಒಂದು ಕ್ರಿಸ್ಟಲ್ಲಿಗಾಗಿ ಇವರು ಒಂದು ವಾರ ಹೆದರಿಕೊಂಡು ಬಸ್ಸು ಓಡಿಸಿದ್ದರು. ಅಳಿಯನಿಗೆ ಕಣ್ಣು ತುಂಬಿ ಬಂತು. ಕ್ಷಮಿಸಿ ಅನ್ನಲು ಬಾಯಿ ತೆಗೆದರೆ ಬೇರೇನೋ ಬಂತು.

"ಇನ್ನೊಂದು ಟ್ರಿಪ್ಪಿಗೂ ಬರ್ತೀನಿ ಮಾವ. ಬೇಕಾದ್ರೆ ನಾಳೆನೂ ಬರ್ತೀನಿ. ದಿನಾ ಬರ್ತೀನಿ."

"ಬೇಡ. ಹೋಗಿ ನಿಮ್ಮ ಅಂಗಡಿ ತೆಗೀರಿ" ಅಂದು ಮಾವ ಬಾಗಿಲು ತೆಗೆದು ಇಳಿದರು. ಟೋಪಿ ಸರಿಮಾಡಿಕೊಂಡು, ಸಂಜೆಯವರೆಗೆ ಕಾಯದೆ, ಉತ್ತರ ಹೇಳಲು ಮ್ಯಾನೇಜರ್ ರೂಮಿನ ಕಡೆ ನಡೆದರು. ಬಸ್ಸಿನ ಕೀ ಅವರ ಕೈಯಲ್ಲೇ ಇತ್ತು. ಅವರು ವಾಪಸ್ ಬಂದಾಗಲೂ ಅದು ಕೈಯಲ್ಲೇ ಇತ್ತು.